ಹುಡುಗಿ ಮೂರು ಎಂಬ ಸೊಸೆ

ಅಳದಂಗಡಿಯಿಂದ ಬಿ.ಸಿ.ರೋಡಿಗೆ, ಬಿ.ಸಿ.ರೋಡಿನಿಂದ ಮೂಡಬಿದಿರೆಗೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯಿಂದ ಯಾವ ಮನೆಗೆ ಬೇಕಾದರೂ ಬೆರಳು ತೋರಿಸಿ. ಆ ಮನೆಯೊಳಗೆ ಈ ಹುಕ್ರಪ್ಪ ಮಾಡಿಸಿದ ಮದುವೆಯೊಂದು ಇದ್ದೇ ಇರುತ್ತದೆ. ಬದುಕಿರುವವರದ್ದು ಮೂರು ಸಾವಿರದ ನಾನೂರು, ಸತ್ತವರದ್ದು ಇನ್ನೂರ ಹನ್ನೊಂದು. ಬದುಕಿರುವವರದ್ದರಲ್ಲಿ ಅಲ್ಲೊಂದು ಇಲ್ಲೊಂದು ಮುರಿದದ್ದುಂಟು, ಅದಕ್ಕೆ ನಾನು ಜವಾಬ್ದಾರನಲ್ಲ. ಸತ್ತವರದ್ದು ಮಾತ್ರ ಒಂದೇ ಒಂದು ಮುರಿದಿಲ್ಲ ಅಂತ ಹೋದ ವರ್ಷದ ಆಟಿ ತಿಂಗಳವರೆಗೆ ಎದೆ ತಟ್ಟಿಕೊಂಡು ಹೇಳುತ್ತಿದ್ದೆ.

ಘಟ್ಟದ ಮೇಲಿನವರು ಇದನ್ನು ಕೇಳಿ ಬಾಯಿ ಬಿಡುತ್ತಾರೆ. ಬಿಡಲಿ. ನಮ್ಮಲ್ಲಿ ಮದುವೆಯಾಗದೆ ಸತ್ತ ಮಗು ಸತ್ತಲ್ಲಿಗೇ ನಿಲ್ಲುವುದಿಲ್ಲ, ಮನೆಯವರ ಮನಸ್ಸಿನಲ್ಲಿ ಬೆಳೆಯುತ್ತಾ ಹೋಗುತ್ತದೆ. ತೊಟ್ಟಿಲಲ್ಲಿ ಹೋದ ಗಂಡುಮಗು ಇಪ್ಪತ್ತೈದು ವರ್ಷ ಕಳೆದ ಮೇಲೆ ಇಪ್ಪತ್ತೈದರ ಗಂಡು. ಅವನಿಗೆ ಹೆಣ್ಣು ಹುಡುಕಬೇಕು. ಹೆಣ್ಣೂ ಸತ್ತವಳೇ ಆಗಿರಬೇಕು, ವಯಸ್ಸಿನಲ್ಲಿ ಚಿಕ್ಕವಳಾಗಿರಬೇಕು, ನಕ್ಷತ್ರ ಕೂಡಬೇಕು, ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ಕುಲ, ಬೇರೆಯಾಗಿರಬೇಕು. ಎಲ್ಲ ಸರಿಹೋದರೆ, ಬದುಕಿರುವವರಿಗೆ ಮದುವೆ ಮಾಡದ ಆ ಮಳೆಯ ಆಟಿ ತಿಂಗಳಲ್ಲಿ ಎರಡು ಕುರ್ಚಿ ಇಟ್ಟು, ಒಂದರ ಮೇಲೆ ಅಂಗಿ ಮುಂಡು, ಇನ್ನೊಂದರ ಮೇಲೆ ಧಾರೆ ಸೀರೆ, ರವಿಕೆ, ಕರಿಮಣಿ ಇರಿಸಿ, ಏಳು ಸುತ್ತು ತಂದು ಮದುವೆ ಮಾಡುತ್ತಾರೆ. ಊಟಕ್ಕೆ ಪಾಯಸವೂ ಉಂಟು. ಅಲ್ಲಿಂದ ಮುಂದೆ ಆ ಎರಡು ಮನೆಯವರು ಬೀಗರು. ಹಬ್ಬಕ್ಕೆ ಕರೆಯುತ್ತಾರೆ, ಕರೆಯದಿದ್ದರೆ ಮುನಿಸಿಕೊಳ್ಳುತ್ತಾರೆ.

ಈ ಕಸುಬಿಗೆ ಈಗ ಕಷ್ಟಕಾಲ ಬಂದಿದೆ. ಮೊದಲು ಮನೆಗೊಂದಾದರೂ ಸತ್ತ ಮಗು ಇರುತ್ತಿತ್ತು. ಆಸ್ಪತ್ರೆಯವರು, ಚುಚ್ಚುಮದ್ದಿನವರು, ಆಶಾ ಕಾರ್ಯಕರ್ತೆಯರು ಎಲ್ಲ ಸೇರಿ ನನ್ನ ಹೊಟ್ಟೆಗೆ ಹೊಡೆದರು. ಈಚಿನ ಮೂವತ್ತು ವರ್ಷಗಳಲ್ಲಿ ಸತ್ತ ಒಳ್ಳೆಯ ಹೆಣ್ಣು ಇಡೀ ಬಂಟ್ವಾಳ ತಾಲೂಕಿನಲ್ಲಿ ಸಿಗುವುದೆಂದರೆ ಆಟಿಯಲ್ಲಿ ಮಾವಿನಹಣ್ಣು ಸಿಕ್ಕಿದ ಹಾಗೆ. ಸಿಕ್ಕಿದರೂ ಹೆಣ್ಣಿನ ಕಡೆಯವರ ಗತ್ತು ನೋಡಬೇಕು: ಹುಡುಗನ ಮನೆಯಿಂದ ಗಲ್ಫಿನಲ್ಲಿ ಯಾರಾದರೂ ಇದ್ದಾರಾ ಅಂತ ಕೇಳುತ್ತಾರೆ.

ಹೀಗೆ ಸಿಗದೆ ಸಿಗದೆ ಐದು ವರ್ಷ ನನ್ನ ಹಿಂದೆ ಬಿದ್ದವರು ಪದ್ಮಾಕ್ಷಿಯಕ್ಕ.

ಬಿ.ಸಿ.ರೋಡಿನ ಬಸ್ ನಿಲ್ದಾಣದ ಹತ್ತಿರ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಅವರ ಹೊಲಿಗೆ ಅಂಗಡಿ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟೇ ಜಾಗ. ಗಂಡ ತೀರಿಕೊಂಡು ಆರು ವರ್ಷ. ಹುಟ್ಟಿದ್ದು ಒಬ್ಬನೇ ಮಗ, ಭವಿತ್. ಒಂದು ವರ್ಷ ಎರಡು ತಿಂಗಳಾಗಿದ್ದಾಗ ಜ್ವರ ಬಂದು, ಮಂಗಳೂರಿನ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ, ಬಸ್ಸಿನಲ್ಲೇ, ತಾಯಿಯ ಮಡಿಲಲ್ಲಿ ಹೋದ. ಅದಾಗಿ ಇಪ್ಪತ್ತಾರು ವರ್ಷ.

ನನ್ನ ಹತ್ತಿರ ಬರುವ ತಾಯಂದಿರು ಮಗನ ವಯಸ್ಸು ಹೇಳುತ್ತಾರೆ. ಪದ್ಮಾಕ್ಷಿಯಕ್ಕ ಅಳತೆ ಹೇಳುತ್ತಿದ್ದರು. ಪ್ರತಿ ಹುಟ್ಟುಹಬ್ಬಕ್ಕೆ ಅವನಿಗೊಂದು ಅಂಗಿ ಹೊಲಿಯುತ್ತಿದ್ದರು, ಅಷ್ಟು ವಯಸ್ಸಿನ ಹುಡುಗನಿಗೆ ಎಷ್ಟು ಬೇಕೋ ಅಷ್ಟಕ್ಕೇ. ಹನ್ನೊಂದರಲ್ಲಿ ತೋಳು ಉದ್ದ ಬಿಟ್ಟರಂತೆ. ಹದಿನಾರರಲ್ಲಿ ಭುಜ ಒಮ್ಮೆಲೇ ಅಗಲವಾಯಿತಂತೆ. ‘ಈಗ ಎದೆ ಮೂವತ್ತೆಂಟು, ಹುಕ್ರಪ್ಪಣ್ಣ, ಅವನಪ್ಪನ ಹಾಗೆಯೇ’ ಅನ್ನುತ್ತಿದ್ದರು. ನಾನು ಲೋಕವನ್ನೇ ಸುಳ್ಳಿನಿಂದ ಹೊಲಿದುಕೊಟ್ಟವ. ಇಂಥ ಮಾತು ಬಂದಾಗ ಮಾತ್ರ ಚಾ ಕುಡಿದು ಎದ್ದು ಬರುತ್ತಿದ್ದೆ.

ಪ್ರಯತ್ನಕ್ಕೇನೂ ಕಡಿಮೆ ಮಾಡಲಿಲ್ಲ. ನಡೆದು ನಡೆದು ನಾನು ಸವೆಸಿದ ಚಪ್ಪಲಿಗಳನ್ನು ಒಂದರ ಮೇಲೊಂದು ಇಟ್ಟರೆ ಗಡಾಯಿಕಲ್ಲು ಬೆಟ್ಟಕ್ಕಿಂತ ಎತ್ತರವಾದೀತು. ಮೂಡಬಿದಿರೆಯಲ್ಲೊಂದು ಹೆಣ್ಣು ಸಿಕ್ಕಿತು, ಬಳಿ ಒಂದೇ ಆಯಿತು. ಇನ್ನೊಂದು ಕಡೆ ಹೆಣ್ಣಿಗೆ ಹುಡುಗನಿಗಿಂತ ನಾಲ್ಕು ತಿಂಗಳು ಹೆಚ್ಚು. ಬೆಳ್ತಂಗಡಿಯದ್ದು ನಿಶ್ಚಯದವರೆಗೂ ಬಂದಿತ್ತು. ಅಷ್ಟರಲ್ಲಿ ಅವರಿಗೆ ಇನ್ನೊಬ್ಬ ಸತ್ತ ಹುಡುಗ ಸಿಕ್ಕಿದ, ಅವನ ಅಣ್ಣಂದಿರು ಮೂವರೂ ದುಬಾಯಿಯಲ್ಲಿ. ಆ ದಿನ ಪದ್ಮಾಕ್ಷಿಯಕ್ಕ ಮಿಷಿನಿನ ಚಕ್ರದ ಮೇಲೆ ಕೈ ಇಟ್ಟುಕೊಂಡು ಹೇಳಿದರು:

‘ಬದುಕಿದ್ದರೆ ಅವನೂ ಹೋಗ್ತಿದ್ದ ದುಬಾಯಿಗೆ. ಹೇಳಲಿಲ್ವಾ ನೀವು ಅವರಿಗೆ?’

‘ಹೇಳಿದೆ ಅಕ್ಕ. ಮ್ಯಾನೇಜರ್ ಆಗ್ತಿದ್ದ ಅಂತಲೂ ಹೇಳಿದೆ.’

ನಿಜವಾಗಿ ಹೇಳಿದ್ದೆ.

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ‘ಶನಿಯಾಚೆ’ ಅಂತ ಒಂದು ಧಾರಾವಾಹಿ ಶುರುವಾಯಿತು, ಸಂಜೆ ಏಳೂವರೆಗೆ. ಆಕಾಶನೌಕೆ, ಯಂತ್ರಮಾನವ, ಬಾಗಿಲು ತಾನಾಗಿ ತೆರೆಯುವುದು, ಇಂಥದ್ದು. ಮಾಮೂಲಿ ಅತ್ತೆ ಸೊಸೆಯ ಜಗಳವೇ, ಆದರೆ ಯಾರ ಕಾಲೂ ನೆಲಕ್ಕೆ ತಾಗುವುದಿಲ್ಲ. ಪದ್ಮಾಕ್ಷಿಯಕ್ಕ ಸೀರೆಗೆ ಫಾಲ್ ಹಚ್ಚುತ್ತಾ ಅದನ್ನು ನೋಡುತ್ತಿದ್ದರು. ಒಂಬತ್ತನೇ ಕಂತು ಮುಗಿದ ಮೂರನೇ ದಿನ ನನಗೆ ಫೋನು ಬಂತು.

‘ಹುಕ್ರಪ್ಪಣ್ಣ, ಹೆಣ್ಣು ಸಿಕ್ಕಿತು.’

‘ಯಾರ ಮನೆಯದ್ದು ಅಕ್ಕ?’

‘ಅದನ್ನು ನೀವು ತಿಳಿದು ಬರಬೇಕು.’

ಹೋಗಿ ಕೂತು ಅವರ ಮೊಬೈಲಿನಲ್ಲಿ ಆ ಕಂತು ನೋಡಿದೆ. ನೌಕೆಯಲ್ಲಿ ಗಿಡ ಬೆಳೆಸುವ ಒಂದು ಕೋಣೆ. ಒಬ್ಬಳು ಹುಡುಗಿ ಗಿಡಗಳಿಗೆ ನೀರು ಹಾಕುತ್ತಿರುತ್ತಾಳೆ. ಹೊರಗಿನಿಂದ ಕಲ್ಲೊಂದು ಬಂದು ಬಡಿದು ಗೋಡೆ ತೂತಾಗಿ, ಒಳಗಿನ ಗಾಳಿಯೆಲ್ಲ ಹೊರಗೆ ಹೋಗಲು ಶುರು. ಹೀರೋ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾನೆ. ಹುಡುಗಿ ಅವನನ್ನು ಆಚೆ ದೂಡಿ, ‘ನೀವು ಹೋಗಿ, ಬಾಗಿಲು ನಾನು ಹಾಕ್ತೇನೆ’ ಅಂತ ಹೇಳಿ ಒಳಗಿನಿಂದಲೇ ಬಾಗಿಲು ಮುಚ್ಚುತ್ತಾಳೆ. ದುಂಡನೆಯ ಗಾಜಿನಲ್ಲಿ ಅವಳ ಅಂಗೈ ಕಾಣುತ್ತದೆ. ಮತ್ತೆ ಕಾಣುವುದಿಲ್ಲ. ಆಮೇಲೆ ಹದಿನೈದು ನಿಮಿಷ ಹೀರೋಯಿನ್ ಅಳುತ್ತಾಳೆ, ಹೀರೋನ ಮೊಣಕೈ ತರಚಿದ್ದಕ್ಕೆ.

‘ಆ ಹುಡುಗಿಗಾಗಿ ಒಬ್ಬರೂ ಅಳಲಿಲ್ಲ ನೋಡಿದಿರಾ’ ಎಂದರು ಪದ್ಮಾಕ್ಷಿಯಕ್ಕ. ‘ಹತ್ತನೆಯದರಲ್ಲಿ ಅವಳ ಹೆಸರು ಹೇಳ್ತಾರಾ ಅಂತ ಕಾದೆ. ಹನ್ನೊಂದರಲ್ಲಿಯೂ ಇಲ್ಲ.’

‘ಅಕ್ಕ, ಅದು ಧಾರಾವಾಹಿ.’

‘ನನಗೆ ತಲೆ ಸರಿ ಉಂಟು ಹುಕ್ರಪ್ಪಣ್ಣ. ಆ್ಯಕ್ಟ್ ಮಾಡಿದ ಹುಡುಗಿ ಬದುಕಿದ್ದಾಳೆ, ಚೆನ್ನಾಗಿರಲಿ, ನೂರು ವರ್ಷ ಬಾಳಲಿ. ಅವಳನ್ನು ಯಾರು ಕೇಳಿದ್ದು? ಸತ್ತವಳು ಬೇರೆ. ಆ ಸತ್ತವಳು ಯಾರಿಗೂ ಬೇಡ. ಯಾರಿಗೂ ಬೇಡದಿದ್ದರೆ ನಮಗೆ ಕೊಡಲಿ.’

ನನ್ನ ನಲವತ್ತು ವರ್ಷದ ಅನುಭವದಲ್ಲಿ ಇಂಥ ಗಟ್ಟಿ ಮಾತನ್ನು ಯಾವ ಜೋಯಿಸರ ಬಾಯಲ್ಲಿಯೂ ಕೇಳಿರಲಿಲ್ಲ. ಬೇರೆ ಯಾವ ಬ್ರೋಕರನಾದರೂ ಆಗಿದ್ದರೆ ಕೈಮುಗಿದು ಎದ್ದು ಓಡುತ್ತಿದ್ದ. ನಾನು, ‘ಈ ಆಟಿಯಲ್ಲಿಯೇ ಮದುವೆ. ಶನಿಯಾಚೆಯಿಂದ ಹೆಣ್ಣು ತರದಿದ್ದರೆ ನಾನು ಹುಕ್ರಪ್ಪನೇ ಅಲ್ಲ’ ಅಂದುಬಿಟ್ಟೆ. ಐದು ವರ್ಷದಲ್ಲಿ ಮೊದಲ ಬಾರಿ ಅವರ ಹಲ್ಲು ಕಂಡೆ.

ಶನಿಯಾಚೆ ಅಂದರೆ ಬಹಳ ದೂರವೇನಲ್ಲ, ಫರಂಗಿಪೇಟೆ. ನೇತ್ರಾವತಿಯ ದಡದಲ್ಲಿ ಮುಚ್ಚಿಹೋದ ಒಂದು ಹಂಚಿನ ಕಾರ್ಖಾನೆ. ಹಂಚು ಸುಡುವ ಗೂಡಿನೊಳಗೆ ಬೆಳ್ಳಿ ಬಣ್ಣದ ಕಾಗದ ಅಂಟಿಸಿ ಆಕಾಶನೌಕೆ ಮಾಡಿದ್ದರು. ಧಾರಾವಾಹಿ ಬರೆಯುವವ ನವಾಝ್ ಅಂತ, ಅಲ್ಲಿಯದ್ದೇ ಬ್ಯಾರಿ ಮುಸ್ಲಿಂ ಹುಡುಗ, ಮೂವತ್ತರ ಒಳಗೆ. ಹೊರಗೆ ಶೀಟಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾಳೆ ಯಾರು ಏನು ಮಾತಾಡಬೇಕು ಅಂತ ಟೈಪ್ ಮಾಡುತ್ತಿದ್ದ.

‘ನೀವು ಯಾರು?’ ಎಂದ.

‘ಗಂಡಿನ ಕಡೆಯವ. ನಿಮ್ಮ ಮಗಳನ್ನು ಕೇಳ್ಲಿಕ್ಕೆ ಬಂದದ್ದು.’

‘ನನಗೆ ಮದುವೆಯೇ ಆಗಿಲ್ಲ ಮಾರಾಯ್ರೆ.’

‘ಅದನ್ನು ಮತ್ತೆ ನೋಡುವ. ಒಂಬತ್ತನೇ ಕಂತಿನಲ್ಲಿ ಒಬ್ಬಳನ್ನು ಸಾಯಿಸಿದಿರಲ್ಲ, ಅವಳು ಯಾರ ಮಗಳು?’

ಅವನಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. ಹುಡುಕಿ ತೆಗೆದು ತೋರಿಸಿದ. ‘ಹುಡುಗಿ ಮೂರು: ಗಿಡಗಳಿಗೆ ನೀರು ಹಾಕುತ್ತಾಳೆ, ಬಾಗಿಲು ಮುಚ್ಚುತ್ತಾಳೆ, ಸಾಯುತ್ತಾಳೆ.’ ಅಷ್ಟೇ ಅವಳ ಜಾತಕ.

‘ಹುಡುಗಿ ಒಂದು, ಎರಡು ಇಲ್ವಾ? ಅವರು ಸ್ವಲ್ಪ ಚಂದ ಉಂಟು’ ಎಂದ ತಮಾಷೆಗೆ.

‘ಅವರು ಬದುಕಿದ್ದಾರಾ?’

‘ಬದುಕಿದ್ದಾರೆ.’

‘ಹಾಗಾದರೆ ಬೇಡ.’

ಅವನು ನಕ್ಕ. ನಾನು ನಗಲಿಲ್ಲ. ಪದ್ಮಾಕ್ಷಿಯಕ್ಕನ ಸಂಗತಿ ಹೇಳಿದೆ. ಬಸ್ಸು, ಮಡಿಲು, ಇಪ್ಪತ್ತಾರು ಅಂಗಿ. ಬ್ಯಾರಿ ಹುಡುಗನ ಮುಖ ನಿಧಾನವಾಗಿ ಬದಲಾಯಿತು. ಅವನು ಇಲ್ಲಿಯವನೇ ಅಲ್ಲವಾ, ಪ್ರೇತ ಮದುವೆ ಗೊತ್ತುಂಟು. ನೆರೆಮನೆಯದಕ್ಕೆ ಪಾಯಸ ಉಂಡವ.

‘ಆದರೆ ಕೊಡ್ಲಿಕ್ಕೆ ನನಗೆಂಥ ಅಧಿಕಾರ ಉಂಟು?’

‘ಸಾಯಿಸ್ಲಿಕ್ಕೆ ಇತ್ತಲ್ಲ.’

ಅವನು ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡ. ನಾನು ಚೀಲದಿಂದ ಹಾಳೆ ತೆಗೆದು ಶುರು ಮಾಡಿದೆ. ಹುಡುಗಿಗೆ ಹೆಸರು ಬೇಕು: ಜ್ಯೋತ್ಸ್ನಾ ಅಂತ ಇಟ್ಟ. ವಯಸ್ಸು: ಇಪ್ಪತ್ತೆರಡು. ಬಳಿ ಕೇಳಿದಾಗ ಕೈ ಚೆಲ್ಲಿದ.

‘ನಾನು ಬ್ಯಾರಿ. ನನ್ನ ಮಗಳಿಗೆ ಎಲ್ಲಿಯ ಬಳಿ?’

‘ಬಳಿ ಅಪ್ಪನಿಂದ ಬರುವುದಲ್ಲ, ತಾಯಿಯಿಂದ. ನೀವು ಒಬ್ಬಳು ತಾಯಿಯನ್ನು ಬರೆಯಿರಿ, ಬಳಿ ನಾನು ಹೇಳ್ತೇನೆ.’

ಬರೆದ. ಮೂರು ಸಾಲು. ಗಿಡ ನೆಡುವುದನ್ನು ಮಗಳಿಗೆ ಕಲಿಸಿದ್ದು ಆ ತಾಯಿಯಂತೆ. ಮಗಳು ನೌಕೆ ಹತ್ತುವ ದಿನ ಬೀಳ್ಕೊಡಲು ಬರಲು ಆಗಲಿಲ್ಲವಂತೆ. ಅದನ್ನು ಯಾರೂ ಕೇಳಿರಲಿಲ್ಲ, ಅವನಾಗಿಯೇ ಬರೆದ. ನಕ್ಷತ್ರ ನಾವಿಬ್ಬರೂ ಸೇರಿ ಆರಿಸಿದ್ದರಿಂದ ಮೂವತ್ತಾರಕ್ಕೆ ಮೂವತ್ತೇಳು ಗುಣ ಕೂಡಿಬಂತು.

ಆ ಪಾತ್ರ ಮಾಡಿದ ಹುಡುಗಿ ಪ್ರಾಪ್ತಿ ಅಂತ, ಮಿಜಾರಿನ ಕಾಲೇಜಿನಲ್ಲಿ ಓದುತ್ತಾಳೆ ಅಂತ ನವಾಝ್ ಹೇಳಿದ. ಅವಳ ಕಿವಿಗೆ ಇದು ಬೀಳಬಾರದು ಅಂತ ನಾನು ಹೇಳಿದೆ. ಬದುಕಿರುವವರ ನೆರಳು ಇಂಥದ್ದಕ್ಕೆ ತಾಗಬಾರದು. ಒಪ್ಪಿದ.

ಇಲ್ಲಿಗೆ ಎದ್ದು ಬಂದಿದ್ದರೆ ನಾನು ಬದುಕುತ್ತಿದ್ದೆ.

ಅವನು ಕೇಳಿದ, ‘ಅಲ್ಲ ಹುಕ್ರಪ್ಪಣ್ಣ, ನಿಜವಾಗಿ ಇದನ್ನು ಯಾರಾದರೂ ನೋಡ್ತಾರಾ? ಚಾನೆಲಿನವರು ನಿಲ್ಲಿಸುವ ಅಂತಿದ್ದಾರೆ.’

ಹೆಣ್ಣಿನ ಅಪ್ಪನ ಎದುರು ಹೆಣ್ಣನ್ನು ಹೊಗಳುವುದು ನಮ್ಮ ಕಸುಬಿನ ಮೊದಲ ಪಾಠ. ಅವನು ಮನಸ್ಸು ಬದಲಿಸದ ಹಾಗೆ ಗಟ್ಟಿ ಮಾಡಬೇಕಲ್ಲ. ನನ್ನ ಬಾಯಿ ತೆರೆಯಿತು. ಆ ಹುಡುಗಿ ಸತ್ತ ದಿನ ಬಂಟ್ವಾಳದಲ್ಲಿ ಒಂದು ಮನೆಯಲ್ಲೂ ಅನ್ನ ಬೇಯಲಿಲ್ಲ ಅಂದೆ. ಬೆಳ್ತಂಗಡಿಯಲ್ಲಿ ಆಟೋದವರು ಸ್ವಯಂಪ್ರೇರಿತರಾಗಿ ಬಂದ್ ಮಾಡಿದರು. ಮೂಡಬಿದಿರೆಯಲ್ಲಿ ಎರಡು ಸಾವಿರ ಜನ ಸೇರಿ ಸಂತಾಪ ಸಭೆ. ಕುರ್ಚಿ ಸಾಲದೆ ಕಾರ್ಕಳದಿಂದ ತರಿಸಿದರು. ಅಳದಂಗಡಿಯಲ್ಲಿ ಅವಳದ್ದು ಆಳೆತ್ತರದ ಫ್ಲೆಕ್ಸ್ ಉಂಟು. ಒಟ್ಟು ಮೂರು ಲಕ್ಷ ಜನರಾದರೂ ಅತ್ತಿದ್ದಾರೆ, ಗಂಡಸರನ್ನು ಬಿಟ್ಟು.

ನವಾಝ್ ಕಣ್ಣರಳಿಸಿ ಕೇಳಿದ. ಬರೆಯುವವರ ದೌರ್ಬಲ್ಯ ಅದು. ಹೊಗಳಿಕೆಯೊಂದನ್ನು ಮಾತ್ರ ಅವರು ಪರೀಕ್ಷೆ ಮಾಡುವುದಿಲ್ಲ.

ಆಟಿಯ ಎರಡನೇ ಭಾನುವಾರ ಬೆಳಿಗ್ಗೆ ಪದ್ಮಾಕ್ಷಿಯಕ್ಕನ ಮನೆಯ ಜಗಲಿಯಲ್ಲಿ ಮದುವೆ ನಡೆಯಿತು. ಮದುವೆಯಾಗದವರನ್ನೂ ಮಕ್ಕಳನ್ನೂ ಪದ್ಧತಿಯಂತೆ ಮೊದಲೇ ಹೊರಗೆ ಕಳಿಸಿಯಾಗಿತ್ತು. ಗಂಡಿನ ಕುರ್ಚಿಯ ಮೇಲೆ ಮೂವತ್ತೆಂಟರ ಅಂಗಿ. ಹೆಣ್ಣಿನ ಕುರ್ಚಿಯ ಮೇಲೆ ಹಸಿರು ಧಾರೆ ಸೀರೆ, ಅದಕ್ಕೊಪ್ಪುವ ರವಿಕೆ. ಆ ರವಿಕೆಯ ಅಳತೆಯನ್ನು ಪದ್ಮಾಕ್ಷಿಯಕ್ಕ ಮೊಬೈಲಿನಿಂದಲೇ ತೆಗೆದಿದ್ದರು, ಒಂಬತ್ತನೇ ಕಂತನ್ನು ನಿಲ್ಲಿಸಿ ನಿಲ್ಲಿಸಿ ನೋಡಿ.

‘ಎಡಭುಜ ಅರ್ಧ ಇಂಚು ಇಳಿಜಾರು ಹುಡುಗಿಗೆ’ ಎಂದರು ನನ್ನ ಕಿವಿಯಲ್ಲಿ. ‘ಕೊಡ ಹೊತ್ತು ಹೊತ್ತು ಆಗಿರಬೇಕು. ನಾನು ಎಡಕ್ಕೆ ಸ್ವಲ್ಪ ಪ್ಯಾಡ್ ಕೊಟ್ಟಿದ್ದೇನೆ, ಯಾರಿಗೂ ಗೊತ್ತಾಗುದಿಲ್ಲ.’

ಹೆಣ್ಣಿನ ಕಡೆಯವನಾಗಿ ನಾನೊಬ್ಬನೇ. ನವಾಝ್‌ಗೆ ಶೂಟಿಂಗ್ ಇತ್ತು, ಫೋನನ್ನು ಸ್ಪೀಕರಿಗೆ ಹಾಕಿದೆವು. ಧಾರೆಯ ಹೊತ್ತಿಗೆ ಆಚೆಯಿಂದ, ಗದ್ದಲದ ನಡುವೆ, ‘ಕೊಟ್ಟೆ’ ಅಂದ. ಪದ್ಮಾಕ್ಷಿಯಕ್ಕನ ತಮ್ಮ ಗಂಡಿನ ಕುರ್ಚಿ ಎತ್ತಿಕೊಂಡ, ನಾನು ಹೆಣ್ಣಿನದ್ದು. ಏಳು ಸುತ್ತು. ಆ ಕುರ್ಚಿ ಎಷ್ಟು ಹಗುರ ಅಂದರೆ, ಮೂರು ಸಾವಿರ ಮದುವೆ ಕಂಡ ನನ್ನ ಕಣ್ಣೂ ಒಂದು ಗಳಿಗೆ ಒದ್ದೆಯಾಯಿತು. ಹೊಗೆಯಿಂದ ಅಂತ ಎಲ್ಲರಿಗೂ ಹೇಳಿದೆ.

ಪಾಯಸ ಬಡಿಸುವಾಗ ಪದ್ಮಾಕ್ಷಿಯಕ್ಕ ಎರಡು ಎಲೆಗಳ ಎದುರು ಕೂತು ಸೊಸೆಗೆ ಹೇಳುತ್ತಿದ್ದರು: ‘ಅವನು ಬೇಗ ಬೇಗ ನುಂಗ್ತಾನೆ, ನೀನು ನಿಧಾನ ಉಣ್ಣು.’

ಅದಾದ ಮೇಲೆ ಹನ್ನೆರಡು ದಿನ ಅವರು ಬೇರೆಯೇ ಹೆಂಗಸು. ಅಂಗಡಿಗೆ ಹೋದರೆ ‘ನಮ್ಮ ಜ್ಯೋತ್ಸ್ನಾ’ ಅಂತಲೇ ಮಾತು. ಅವಳಿಗೆ ಗಿಡ ಇಷ್ಟ ಅಂತ ಮೆಟ್ಟಿಲ ಕೆಳಗೆ, ಬಿಸಿಲೇ ಬಾರದ ಆ ಮೂಲೆಯಲ್ಲಿ, ಡಬ್ಬಿಯಲ್ಲಿ ಎರಡು ಗಿಡ ತಂದಿಟ್ಟಿದ್ದರು. ಗಿರಾಕಿಯೊಬ್ಬಳು ‘ಮಗನಿಗೆ ಮದುವೆಯಾಯ್ತಂತೆ, ನಮಗೆ ಕರೆಯಲೇ ಇಲ್ಲ’ ಅಂತ ಚುಚ್ಚಿದಾಗ, ‘ಸಣ್ಣದಾಗಿ ಮಾಡಿದ್ದು’ ಅಂದರು, ಬೇರೆ ಎಲ್ಲ ಅತ್ತೆಯಂದಿರು ಹೇಳುವ ಹಾಗೆಯೇ. ‘ಮಗ ಒಬ್ಬನೇ ಇದ್ದಾನೆ’ ಅಂತ ಮೊದಲೆಲ್ಲ ಹೇಳುತ್ತಿದ್ದ ಮಾತು ಮಾತ್ರ ಆ ಹನ್ನೆರಡು ದಿನ ಅವರ ಬಾಯಿಂದ ಬರಲಿಲ್ಲ. ನಾನು ಊರೆಲ್ಲ ತಿರುಗಿ, ಭೂಮಿಯಿಂದ ನೂರು ಕೋಟಿ ಮೈಲಿ ದೂರದ ಹೆಣ್ಣು ತಂದವ ಅಂತ ಹೇಳಿಕೊಂಡೆ.

ಹದಿಮೂರನೇ ದಿನ ಸಂಜೆ ಏಳೂ ಐವತ್ತಕ್ಕೆ ಫೋನು ಬಂತು.

‘ಟಿವಿ ಹಾಕಿ ಹುಕ್ರಪ್ಪಣ್ಣ.’ ಅಷ್ಟೇ ಹೇಳಿ ಇಟ್ಟರು.

ಹಾಕಿದೆ. ಅದೇ ಗಿಡದ ಕೋಣೆ. ದುಂಡನೆಯ ಗಾಜಿನ ಬಾಗಿಲು ತೆರೆಯುತ್ತಿದೆ. ಹೊಗೆ, ನೀಲಿ ಬೆಳಕು, ಗಾಳಿಗೆ ಹಾರುವ ಕೂದಲು, ಹಿಂದಿನಿಂದ ಕೊಳಲು. ಹುಡುಗಿ ಮೂರು ನಡೆದು ಬರುತ್ತಿದ್ದಾಳೆ, ಕ್ಷೇಮವಾಗಿ, ತುಟಿಗೆ ಬಣ್ಣ ಹಚ್ಚಿಕೊಂಡು. ಹೀರೋನ ತಮ್ಮ ಅವಳನ್ನು ‘ತಾರಾ’ ಅಂತ ಕರೆದು ಕೈ ಹಿಡಿದ.

ಮರುದಿನ ಮೊದಲ ಬಸ್ಸಿಗೇ ಬಿ.ಸಿ.ರೋಡಿಗೆ ಹೋದೆ. ಪದ್ಮಾಕ್ಷಿಯಕ್ಕ ಮಿಷಿನಿನ ಎದುರು ಕೂತಿದ್ದರು, ಹೊಲಿಯುತ್ತಿರಲಿಲ್ಲ. ದಾರಿಯುದ್ದಕ್ಕೂ ತಯಾರು ಮಾಡಿಕೊಂಡದ್ದನ್ನು ನಿಂತಲ್ಲೇ ಹೇಳಿದೆ.

‘ಅಕ್ಕ, ಏನೂ ಹೆದರಬೇಡಿ. ಅದು ಅವಳಲ್ಲ. ಅವಳ ಅವಳಿ ತಂಗಿ. ಹೆಸರೇ ಬೇರೆ ಅಲ್ವಾ?’

‘ಎಡಭುಜ ಅರ್ಧ ಇಂಚು ಇಳಿದಿದೆ’ ಅಂದರು. ‘ಅವಳೇ.’

ನಾನು ಸ್ಟೂಲಿನ ಮೇಲೆ ಕೂತೆ.

‘ಹೇಗೆ ಬಂದಳು?’

‘ಅದು ವಿಜ್ಞಾನ ಅಕ್ಕ. ಶನಿಯ ಆಚೆ ಕಾಲ ಹಿಂದಕ್ಕೆ ಓಡ್ತದಂತೆ. ಅಲ್ಲಿ ಬಾಗಿಲು ಮುಚ್ಚುವುದಕ್ಕಿಂತ ಮೊದಲಿನ ಹೊತ್ತು ಪುನಃ ಬರ್ತದೆ. ಆವಾಗ ಎಳೆದುಕೊಂಡದ್ದು.’

‘ಯಾರು ಎಳೆದದ್ದು?’

‘ಯಾರೋ ಒಬ್ಬ. ಮಿಷಿನು ಉಂಟು.’

‘ಸತ್ತು ಎಷ್ಟು ವರ್ಷದ ಒಳಗೆ ಹೋಗಬೇಕು?’

ನಾನು ಅವರ ಮುಖ ನೋಡಿದೆ. ತಲೆ ಸರಿ ಇದ್ದವರ ಮುಖವೇ. ಆ ಪ್ರಶ್ನೆಗೆ ಉತ್ತರ ಇಲ್ಲವೆಂದು ಗೊತ್ತಿದ್ದೂ, ಬಾಯಿಂದ ಹೊರಟದ್ದನ್ನು ಹಿಡಿಯಲಾರದವರ ಮುಖ. ಅವರೇ ಕೈಬೀಸಿ ಆ ಮಾತನ್ನು ಬಿಟ್ಟರು.

‘ಬದುಕಿರುವ ಹುಡುಗಿಯನ್ನು ಸತ್ತವನಿಗೆ ಕಟ್ಟಿಬಿಟ್ಟೆವು ಹುಕ್ರಪ್ಪಣ್ಣ. ಎಂಥ ಪಾಪ ಮಾಡಿದೆವು.’

‘ಕಟ್ಟುವಾಗ ಸತ್ತಿದ್ದಳಲ್ಲ.’

‘ಈಗ ಇಲ್ಲ ಅಲ್ವಾ.’

ಅಲ್ಲಿಂದ ನೆಟ್ಟಗೆ ಫರಂಗಿಪೇಟೆಗೆ ಹೋದೆ. ನವಾಝ್ ನನ್ನನ್ನು ಕಂಡವನೇ ಎದ್ದು ಬಂದು ಅಪ್ಪಿಕೊಂಡ. ಹೊಸ ಅಂಗಿ ಹಾಕಿದ್ದ.

‘ನೀವು ನಮ್ಮ ಹೊಟ್ಟೆಗೆ ಅನ್ನ ಹಾಕಿದಿರಿ ಹುಕ್ರಪ್ಪಣ್ಣ. ಮೂರು ಲಕ್ಷ ಜನ, ಎರಡು ಸಾವಿರದ ಸಂತಾಪ ಸಭೆ, ನೀವು ಹೇಳಿದ್ದೆಲ್ಲ ಬರೆದು ಚಾನೆಲಿಗೆ ಕಳಿಸಿದೆ. ಇಷ್ಟು ಜನಕ್ಕೆ ಬೇಕಾದ ಹುಡುಗಿಯನ್ನು ಯಾಕೆ ಸಾಯಿಸಿದ್ದು, ವಾಪಸ್ ತನ್ನಿ ಅಂದರು. ಧಾರಾವಾಹಿ ಉಳಿಯಿತು. ನಲವತ್ತು ಜನರ ಕೆಲಸ ಉಳಿಯಿತು.’

‘ನಿಮಗೆ ಗೊತ್ತಿತ್ತಲ್ಲ, ಕೊಟ್ಟ ಹೆಣ್ಣು ಅಂತ.’

ಅವನ ನಗು ಅರ್ಧಕ್ಕೆ ನಿಂತಿತು. ‘ನಾನು ಬೇರೆ ಹೆಸರಿಟ್ಟೆನಲ್ಲ? ನಿಮ್ಮದು ಜ್ಯೋತ್ಸ್ನಾ, ಇವಳು ತಾರಾ. ಮತ್ತೆ… ಆ ಅಮ್ಮನಿಗೆ ಖುಷಿಯಾಗಬಹುದು ಅಂತ ಎಣಿಸಿದೆ. ಹುಡುಗಿ ಸಾಯಲಿಲ್ಲ ಅಂತ.’

ಸತ್ತ ಮಗುವಿನ ತಾಯಿಗೆ, ಬೇರೆಯವರ ಮಗು ಬದುಕಿ ಬಂದರೆ ಖುಷಿ. ಮೂವತ್ತು ದಾಟದವರಿಗೆ ಹಾಗೆಯೇ ತೋರುತ್ತದೆ. ನಾನು ಅವನ ಕೈ ಹಿಡಿದುಕೊಂಡು, ಈ ಜನ್ಮದಲ್ಲಿ ಯಾರಿಗೂ ಮಾಡದ ಕೆಲಸ ಮಾಡಿದೆ, ಬೇಡಿಕೊಂಡೆ.

‘ಪುನಃ ಸಾಯಿಸಿ ಮಾರಾಯ್ರೆ. ಒಂದು ಸೀನು. ಕಾಲು ಜಾರಿ ಬಿದ್ದಳು ಅಂದರೂ ಸಾಕು.’

‘ಪ್ರಾಪ್ತಿಗೆ ನೂರು ಕಂತಿಗೆ ಕರಾರು ಆಗಿದೆ. ಮುಂದಿನ ತಿಂಗಳು ಮದುವೆ ಸೀನು, ಹೀರೋನ ತಮ್ಮನ ಜತೆ. ನನ್ನ ಕೈಯಲ್ಲಿ ಇಲ್ಲ ಹುಕ್ರಪ್ಪಣ್ಣ.’

‘ಹಾಗಾದರೆ ಕೇಳಿ’ ಅಂದೆ. ‘ಮೂರು ಲಕ್ಷ ಜನ ಸುಳ್ಳು. ಅನ್ನ ಬೇಯದ್ದು ಸುಳ್ಳು. ಫ್ಲೆಕ್ಸ್ ಇಲ್ಲ, ಸಭೆ ಇಲ್ಲ. ಅತ್ತದ್ದು ಒಬ್ಬರೇ.’

ಅವನು ಸುತ್ತ ನೋಡಿದ. ಗೂಡಿನ ಬಾಯಿಯಲ್ಲಿ ಬೆಳ್ಳಿ ಬಟ್ಟೆ ತೊಟ್ಟವರು ಚಾ ಕುಡಿಯುತ್ತಿದ್ದರು. ಮೆಲ್ಲಗೆ, ‘ಇದನ್ನು ಬೇರೆ ಯಾರಿಗೂ ಹೇಳಬೇಡಿ’ ಎಂದ. ನನ್ನ ಜೀವಮಾನದಲ್ಲಿ ನಾನು ಹೇಳಿದ ಒಂದೇ ಸತ್ಯ, ಅದೂ ಯಾರಿಗೂ ಬೇಕಾಗಲಿಲ್ಲ.

ಮಧ್ಯಾಹ್ನದ ಮಳೆಯಲ್ಲಿ ಪದ್ಮಾಕ್ಷಿಯಕ್ಕನ ಮನೆಗೆ ಹೋದೆ. ಅಂಗಡಿ ಮುಚ್ಚಿ ಬಂದು ಕೂತಿದ್ದರು. ಜಗಲಿಯಲ್ಲಿ ಎರಡೂ ಕುರ್ಚಿ ಹಾಕಿ ಅಂಗಿ, ಸೀರೆ ಹರಡಿದ್ದರು. ನಾನು ತಲೆ ಅಲ್ಲಾಡಿಸಿದ್ದನ್ನು ನೋಡಿಯೇ ತಿಳಿಯಿತು ಅವರಿಗೆ, ಕೇಳಲಿಲ್ಲ.

‘ಬಿಡಿಸುವ ಕ್ರಮ ಎಂಥದು?’ ಎಂದರು.

ಇನ್ನೂರ ಹನ್ನೊಂದರಲ್ಲಿ ಒಂದಕ್ಕೂ ಬಿಡಿಸುವ ಕ್ರಮ ಬೇಕಾಗಿರಲಿಲ್ಲ. ಜೋಯಿಸರಿಗೆ ಫೋನು ಮಾಡಿದ್ದೆ. ನಿನಗೆ ಹುಚ್ಚಾ ಅಂತ ಕೇಳಿ ಇಟ್ಟಿದ್ದರು. ‘ಅಂಥದ್ದು ಇಲ್ಲ ಅಕ್ಕ’ ಅಂದೆ.

ಅವರು ಅಂಗಿಯ ಕುರ್ಚಿಯ ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕೂತು, ಸಣ್ಣ ಮಕ್ಕಳ ಕೈಯಿಂದ ಬೇರೆಯವರ ಆಟಿಕೆ ಬಿಡಿಸುವಾಗ ಮಾತಾಡುವ ಹಾಗೆ ಹೇಳಿದರು:

‘ಮಗಾ, ಅವಳು ಬದುಕಿದ್ದಾಳಂತೆ. ಅವಳಿಗೆ ಮನೆ ಉಂಟು, ಜನ ಉಂಟು. ನಾವು ಹಿಡಿದಿಟ್ಟುಕೊಳ್ಳಬಾರದು. ಬಿಡು ಅವಳನ್ನು. ಆಯ್ತಾ?’

ಕಾದರು. ಯಾವುದಕ್ಕೆ ಕಾದರೋ ಗೊತ್ತಿಲ್ಲ. ನಾನೂ ಕಾದೆ. ಮತ್ತೆ ಎದ್ದು ನನಗೆ ಹೇಳಿದರು, ‘ಹೆಣ್ಣಿನ ಕಡೆಯವರು ನೀವೇ ಅಲ್ವಾ. ಕರಕೊಂಡು ಹೋಗಿ.’

ಸೀರೆ, ರವಿಕೆ ಮಡಚಿ, ಕರಿಮಣಿಯ ಜತೆ ಚೀಲಕ್ಕೆ ಹಾಕಿದೆ. ಇಷ್ಟಾದರೂ ಆ ಅಂಗಿಯನ್ನು ಒಂಟಿಯಾಗಿ ಬಿಟ್ಟು ಹೊರಡಲು ಕಾಲು ಏಳಬೇಕಲ್ಲ. ನನಗೆ ಗೊತ್ತಿರುವ ವಿದ್ಯೆ ಒಂದೇ. ಬಾಯಿ ತೆರೆದೆ.

‘ಅಕ್ಕ, ಹೇಳ್ಲಿಕ್ಕೆ ಮರೆತೇಹೋಯಿತು. ಮೂಡಬಿದಿರೆಯಲ್ಲಿ ಒಂದು ಹೆಣ್ಣು ಉಂಟು. ನಿನ್ನೆಯೇ ಸುದ್ದಿ ಬಂದದ್ದು. ಈ ಆಟಿ ಮುಗಿಯುವುದರ ಒಳಗೆ ಮಾಡಿಬಿಡುವ.’

‘ಹೌದಾ’ ಎಂದರು. ನಂಬಿದವರ ಸ್ವರ ಅಲ್ಲ.

‘ಒಳ್ಳೆಯ ಮನೆತನ. ಬಳಿ ಬೇರೆ, ನಾನು ವಿಚಾರಿಸಿದ್ದೇನೆ. ವಯಸ್ಸು ಇಪ್ಪತ್ತಮೂರು. ರೇವತಿ ನಕ್ಷತ್ರ.’

‘ಹೆಸರು?’

‘ಹನಾ ಅಂತ. ಮುದ್ದಿನ ಹೆಸರು. ಎತ್ತರ, ಭವಿತನ ಭುಜಕ್ಕೆ ಬರ್ತಾಳೆ. ಭಾರೀ ನಗುವವಳಂತೆ. ಹುಟ್ಟುವಾಗಲೇ ತಲೆ ತುಂಬ ಕೂದಲು ಇತ್ತಂತೆ, ಇಡೀ ಊರು ನೋಡ್ಲಿಕ್ಕೆ ಬಂದಿತ್ತಂತೆ.’

‘ಹೇಳಿ’ ಎಂದರು. ಅಂಗಿಯ ಕಾಲರನ್ನು ಸರಿ ಮಾಡುತ್ತಿದ್ದರು.

ಹೇಳಿದೆ. ಅವಳ ತೊದಲು ಮಾತು ಹೇಳಿದೆ, ಅವಳು ಅಜ್ಜನ ಕನ್ನಡಕ ಎಳೆಯುತ್ತಿದ್ದದ್ದನ್ನು ಹೇಳಿದೆ, ಎರಡು ಹಲ್ಲು ಬಂದದ್ದನ್ನು ಹೇಳಿದೆ. ಅಂಥ ಮಗು ಮೂಡಬಿದಿರೆಯಲ್ಲಿ ಯಾವತ್ತೂ ಹುಟ್ಟಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವಳು ನನ್ನ ಎದುರೇ ಮೊಣಕಾಲಿನಲ್ಲಿ ಹರಿದಾಡತೊಡಗಿದಳು.

‘ಏನಾಗಿ ಹೋದದ್ದು?’ ಎಂದು ಕೇಳಿದರು ಪದ್ಮಾಕ್ಷಿಯಕ್ಕ.

ಎರಡೂ ಕಡೆಯವರು ಕೇಳುವ ಮೊದಲ ಪ್ರಶ್ನೆ ಅದು. ಸಾವಿರ ಉತ್ತರ ಉಂಟು ನನ್ನ ಹತ್ತಿರ: ಜ್ವರ, ಹಾವು, ಬಾವಿ, ನ್ಯುಮೋನಿಯಾ. ಬಾಯಿ ತೆರೆದೆ. ಒಂದೂ ಬರಲಿಲ್ಲ. ಈಗಷ್ಟೇ ಎರಡು ಹಲ್ಲು ಬಂದ ಆ ಮಗುವನ್ನು ಸುಳ್ಳಿಗಾದರೂ ಸಾಯಿಸಲು ನನ್ನಿಂದ ಆಗಲಿಲ್ಲ. ಅವರು ತಾಳ್ಮೆಯಿಂದ ಕಾದರು, ನಾನು ಹೇಳುತ್ತೇನೆ ಅಂತ ಇನ್ನೂ ಸ್ವಲ್ಪ ನಂಬಿಕೆ ಇದ್ದವರ ಹಾಗೆ.

‘ಇರಲಿ ಹುಕ್ರಪ್ಪಣ್ಣ’ ಎಂದರು ಕೊನೆಗೆ. ‘ಅವಳೂ ಬದುಕಿರಲಿ.’

ಅಂಗಿಯನ್ನು ಮಡಚಿ ಎದೆಗೊತ್ತಿಕೊಂಡು ಒಳಗೆ ಹೋದರು. ತಿರುಗಿ ಬರಲಿಲ್ಲ. ನಾನು ಬಹಳ ಹೊತ್ತು ಜಗಲಿಯಲ್ಲಿ ನಿಂತಿದ್ದೆ. ಎರಡು ಕುರ್ಚಿ ಖಾಲಿ ಇದ್ದವು, ಕೂರಲಿಲ್ಲ.